ಜಟ್ಟಿ ನಾಯ್ಕರ ಮೊಣಕಾಲಿನ ಪರವಾಗಿ

ಈ ಸನ್ಮಾನ ಸಭೆಯ ಅಧ್ಯಕ್ಷರಾದ ವೆಂಕ್ಟ್ರಮಣ ಶಾನಭಾಗರೇ, ವೇದಿಕೆಯ ಮೇಲಿನ ಗಣ್ಯರೇ, ಬೆಳಕೆ ಊರಿನ ಹಿರಿಯರೇ, ಚಾಪೆಯ ಮೇಲೆ ಕೂತ ತಾಯಂದಿರೇ, ಜಾಗ ಸಿಗದೆ ಗೋಡೆಗೆ ಒರಗಿ ನಿಂತ ಸಭಿಕರೇ,

ಯಕ್ಷಗಾನದ ವೇಷಧಾರಿ ಜಟ್ಟಿ ನಾಯ್ಕರಿಗೆ ಶಾಲು ಹೊದಿಸುವ ಹೊತ್ತಿನಲ್ಲಿ ನಾಲ್ಕು ಒಳ್ಳೆಯ ಮಾತಾಡಿ ಎಂದು ನನ್ನನ್ನು ಕರೆದಿರಿ. ಅವರ ಕಾಲು ನೋಡುವ ಡಾಕ್ಟರು ಅಂತ ಕರೆದಿರಬೇಕು. ಮಾತುಗಳನ್ನು ಸಿದ್ಧ ಮಾಡಿಕೊಂಡೂ ಇದ್ದೆ. ಇಂದು ಬೆಳಿಗ್ಗೆ ಅಧ್ಯಕ್ಷರು ಭಟ್ಕಳದ ನನ್ನ ದವಾಖಾನೆಗೆ ಬಂದರು. ಅವರು ಹೇಳಿದ್ದನ್ನು ಕೇಳಿದ ಮೇಲೆ ನನಗೆ ಒಂದು ಮಾತೂ ನೆನಪಿಲ್ಲ. ಆ ಆಘಾತ ಇನ್ನೂ ಇಳಿದಿಲ್ಲ.

ಅವರು ಹೇಳಿದ್ದು ಇಷ್ಟು: "ಡಾಕ್ಟ್ರೇ, ನಾಯ್ಕರ ಕಾಲಿಗೆ ಆ ಸೂಜಿ ಇನ್ನೊಂದ್ಸಲ ಹಾಕ್ಬಿಡಿ. ಸನ್ಮಾನ ಆದ್ಮೇಲೆ ಆಟ ಉಂಟು. ಇವತ್ತೊಂದಿನ ಮಂಡಿ ಹಾಕಿದ್ರೆ ಆತು."

ಅಧ್ಯಕ್ಷರೇ, ಸಿಟ್ಟಾಗಬೇಡಿ. ನೀವು ಕೆಟ್ಟ ಮನಸ್ಸಿನಿಂದ ಕೇಳಿದ್ದರೆ ನಾನು ಬೈದು ಕಳಿಸುತ್ತಿದ್ದೆ. ಪ್ರೀತಿಯಿಂದ ಕೇಳಿದಿರಿ. ನನಗೆ ದಿಗಿಲಾದದ್ದು ಅದಕ್ಕೇ. ಶಾಲು ಹೊದಿಸುವ ಕೈಯೇ ಕಾಲು ಮುರಿಯಲು ಹೊರಟರೆ ಕಲಾವಿದ ಎಲ್ಲಿಗೆ ಹೋಗಬೇಕು?

ಮಂಡಿ ಎಂದರೆ ಏನೆಂದು ನಿಮಗೆ ನಾನು ಹೇಳಬೇಕೇ? ಗೆಜ್ಜೆ, ಕಿರೀಟ, ಅಷ್ಟೂ ಭಾರ ಹೊತ್ತು, ಎರಡೂ ಮೊಣಕಾಲೂರಿ, ರಂಗಸ್ಥಳದ ಸುತ್ತ ಬುಗುರಿಯ ಹಾಗೆ ತಿರುಗುವುದು. ಜಟ್ಟಿ ನಾಯ್ಕರು ತಿರುಗುವಾಗ ನಾನೂ ಕೂತಲ್ಲಿಂದ ಎದ್ದಿದ್ದೇನೆ. ರೋಗಿಗಳು ಬಾಗಿಲು ಬಡಿದು ವಾಪಸು ಹೋದದ್ದೂ ಉಂಟು, ಡಾಕ್ಟರು ಆಟಕ್ಕೆ ಹೋಗಿದ್ದರು. ಇದನ್ನು ಹೇಳಬಾರದಿತ್ತೇನೋ.

ಮೊಣಕಾಲಿನ ಒಳಗೆ ಎರಡು ಮೂಳೆ ಎದುರುಬದುರಾಗಿ ಕೂತಿರುತ್ತವೆ. ಒಂದಕ್ಕೊಂದು ತಿಕ್ಕದ ಹಾಗೆ ತುದಿಗೆ ನುಣ್ಣನೆಯ ಪದರವಿದೆ, ಎಳನೀರಿನ ಬೊಂಡದ ತಿರುಳಿನ ಹಾಗೆ. ಅದು ಸವೆಯಿತೆಂದರೆ ಮತ್ತೆ ಬೆಳೆಯುವುದಿಲ್ಲ. ಆಗ ನೋವು, ಊತ, ಬೆಳಿಗ್ಗೆ ಎದ್ದರೆ ಕಾಲು ಮರಗಟ್ಟಿದಂತೆ. ಇದು ವೇಷಧಾರಿಗಳ ರೋಗ ಮಾತ್ರವಲ್ಲ. ಮೀನು ಬುಟ್ಟಿ ಹೊರುವ ತಾಯಂದಿರಿಗೂ ಬರುತ್ತದೆ, ಗದ್ದೆಯಲ್ಲಿ ಕುಕ್ಕರಗಾಲಲ್ಲಿ ಕೂರುವವರಿಗೂ ಬರುತ್ತದೆ.

ನಮ್ಮೂರು ಹೊಳನಗದ್ದೆಯಲ್ಲಿ ನನ್ನ ಅಮ್ಮನಿಗೂ ಬಂದಿತ್ತು. ಕಬ್ಬಿಣ ಕಾಸಿ ಬರೆ ಹಾಕಿಸಿದ್ದರು. ನೋವು ಹೋಯಿತೇ ಎಂದು ಕೇಳಿದರೆ "ಹೋತು ಮಗಾ" ಎನ್ನುತ್ತಿದ್ದಳು, ಬಾಗಿಲ ಚೌಕಟ್ಟು ಹಿಡಿದುಕೊಂಡೇ. ನಾನು ಮುಂಬಯಿಯಲ್ಲಿ ಓದು ಮುಗಿಸಿ ಬರುವಾಗ ಅವಳಿರಲಿಲ್ಲ. ಇರಲಿ. ದಯವಿಟ್ಟು ಯಾರೂ ಬರೆ ಹಾಕಿಸಬೇಡಿ.

ಹಾಗಾದರೆ ಎಂತ ಮಾಡಬೇಕು? ಬಿಸಿನೀರಿನ ಶಾಖ ಕೊಡಿ. ನೋವಿನ ಮಾತ್ರೆಯನ್ನು ಉಂಡ ಮೇಲೆ ನುಂಗಿ. ಮೈಭಾರ ಇಳಿಸಿ. ಇದನ್ನು ಹೇಳುವಾಗ ನಾನು ವೇದಿಕೆಯ ಮೇಲಿನ ಯಾರನ್ನೂ ನೋಡುತ್ತಿಲ್ಲ. ಮಲಗಿದಲ್ಲೇ ಕಾಲನ್ನು ನೆಟ್ಟಗೆ ಎತ್ತಿ ಇಳಿಸಿದರೆ ತೊಡೆಗೆ ಬಲ ಬರುತ್ತದೆ, ತೊಡೆಯ ಬಲವೇ ಮೊಣಕಾಲಿಗೆ ಆಸರೆ. ಕೋಲು ಹಿಡಿಯಲು ನಾಚಬೇಡಿ. ದೊಡ್ಡ ಊರಿನಲ್ಲಿ ಆಪರೇಶನ್ನೂ ಉಂಟು. ಹೊಸ ಮೊಣಕಾಲು ಕೂರಿಸುವ ಕಾಲ ಇನ್ನೂ ಬಂದಿಲ್ಲ, ಈಗ ಮೂಳೆಗೆ ಮೂಳೆ ಕೂಡಿಸಿಬಿಡುತ್ತಾರೆ. ನೋವು ಹೋಗುತ್ತದೆ, ಆದರೆ ಆ ಕಾಲು ಮತ್ತೆ ಮಡಚುವುದಿಲ್ಲ. ಜಟ್ಟಿ ನಾಯ್ಕರು ಈಗ ನಿಂತಿರುವುದು ಆ ಬಾಗಿಲಿನ ಎದುರಿಗೆ.

ಇನ್ನು ಆ ಸೂಜಿ. ಮಳೆಗಾಲದಲ್ಲಿ ಮೇಳಕ್ಕೆ ರಜೆಯಿದ್ದಾಗ ಊತ ಇಳಿಯಲಿ ಎಂದು ಹಾಕಿದ್ದೆ, ವಿಶ್ರಾಂತಿಯಲ್ಲಿರಿ ಎಂದಿದ್ದೆ. ನೋವು ಹೋಯಿತು. ನೋವು ಹೋದರೆ ರೋಗ ಹೋಯಿತೆಂದು ಅವರೂ ತಿಳಿದರು, ನೀವೂ ತಿಳಿದಿರಿ. ದೀಪಾವಳಿ ಕಳೆದು ಮೇಳ ಹೊರಟದ್ದೇ ತಡ, ಎಂದಿಗಿಂತ ಹೆಚ್ಚು ಮಂಡಿ ಹಾಕಿದರು. ಬೇಡ ಎಂದು ಹೇಳಲು ಕಾಲಿಗೆ ಬಾಯಿರಲಿಲ್ಲ, ಅದನ್ನು ಸೂಜಿ ಹಾಕಿ ನಾನೇ ಕಟ್ಟಿಟ್ಟಿದ್ದೆ. ಈಗ ಅವರ ಮನೆಯವರು ನಾಗಮ್ಮ ಹೇಳುತ್ತಾರೆ: "ಹೊಸ್ತಿಲು ದಾಟೂಕೆ ಗೋಡೆ ಹಿಡೀತ್ರು ಡಾಕ್ಟ್ರೇ, ಚಂಡೆ ಕೇಳಿರೆ ಓಡ್ತ್ರು."

ಸ್ವಲ್ಪ ಮುಂಚೆ ನಾನು ವೇಷ ಕಟ್ಟುವ ಚೌಕಿಗೆ ಹೋಗಿದ್ದೆ. ಶಾಲಿಗೆ ವೇಷದಲ್ಲೇ ಬರುತ್ತೇನೆಂದು ನಾಯ್ಕರು ಅರ್ಧ ಬಣ್ಣ ಹಚ್ಚಿಕೊಂಡು ಕೂತಿದ್ದರು. ಇವತ್ತು ಮಂಡಿ ಬೇಡ, ನಿಂತು ಅರ್ಥ ಹೇಳಿ, ನಿಮ್ಮ ಮಾತಿಗೂ ಜನ ಬರುತ್ತಾರೆ ಎಂದೆ. ಅವರು ಗೆಜ್ಜೆ ಕಟ್ಟುತ್ತಲೇ ಹೇಳಿದರು: "ಮಂದಿ ಮಂಡಿ ಮಂಡಿ ಅಂತ ಕೂಗಿದ್ರೆ ನನ್ನ ಕಾಲು ಕೇಳೂದಿಲ್ಲ ಡಾಕ್ಟ್ರೇ. ಕೂಗ್ದೇ ಇದ್ರೆ ಜೀವ ಕೇಳೂದಿಲ್ಲ."

ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ನಿಮ್ಮ ಹತ್ತಿರ ಇದೆ. ಅವರು ಪರದೆಯಾಚೆಯಿಂದ ಬಂದಾಗ ಸುಮ್ಮನೆ ಕೂರಬೇಡಿ. ಕೂಗಿ. ಆದರೆ ಮಂಡಿ ಎಂದು ಕೂಗಬೇಡಿ, ಜಟ್ಟಿ ನಾಯ್ಕರೇ ಎಂದು ಕೂಗಿ. ನಿಮಗೆ ಬೇಕಾದದ್ದು ಅವರೇ ಹೊರತು ಅವರ ಮೊಣಕಾಲಲ್ಲ ಎಂದು ಅವರಿಗೆ ಇವತ್ತು ಗೊತ್ತಾಗಲಿ.

ಕೊನೆಯದಾಗಿ ಒಂದು ಮಾತು. ಬೆಳಿಗ್ಗೆ ಶಾನಭಾಗರು ಸೂಜಿ ಕೇಳಿದಾಗ ನನ್ನ ಕೈ ತಾನಾಗಿ ಕಪಾಟಿನ ಬಾಗಿಲಿಗೆ ಹೋಗಿತ್ತು. ಇವತ್ತೊಂದಿನ ನೋಡೋಣ ಎಂದು ನನಗೂ ಅನ್ನಿಸಿತ್ತು. ಆಘಾತ ಎಂದೆನಲ್ಲ, ಅದು ಇದೇ. ಔಷಧದ ಚೀಲವನ್ನು ಭಟ್ಕಳದಲ್ಲೇ ಬಿಟ್ಟು, ಬರಿಗೈಯಲ್ಲಿ ಬಂದಿದ್ದೇನೆ.

ಮೊದಲ ಸಾಲಿನಲ್ಲಿ ನಾಗಮ್ಮನವರ ಪಕ್ಕ ನನಗೆಂದು ಇಟ್ಟ ಜಾಗ ಖಾಲಿಯಿದೆ. ನಾನು ಅಲ್ಲಿ ಕೂತು, ಎಲ್ಲರಿಗಿಂತ ಮೊದಲು ಅವರ ಹೆಸರು ಕೂಗುತ್ತೇನೆ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆ, ನನ್ನ ಮೇಲೆ ಇನ್ನೂ ಸಿಟ್ಟಾಗದೆ ಕೂತಿರುವ ಅಧ್ಯಕ್ಷರಿಗೆ, ಚೌಕಿಯಲ್ಲಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುವ ಜಟ್ಟಿ ನಾಯ್ಕರಿಗೆ ನನ್ನ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.