ಗುಂಡಿ ಹೊಲಿಸಲು ಬರುವವರು

ಬಸ್ಸಿಗೆ ಕಾಯುತ್ತಿದ್ದವನ ಬೆನ್ನ ಹಿಂದೆ, ಹೊಲಿಗೆ ಅಂಗಡಿಯ ಅಕ್ಕತಂಗಿಯರಿಬ್ಬರು ಮಾತಿಗಿಳಿದಿದ್ದರು.

“ಮನೆಗೇ ಬಂದು ಬಟ್ಟೆ ಒಯ್ತೀವಿ, ಹೊಲಿದು ಮನೆಗೇ ಮುಟ್ಟಿಸ್ತೀವಿ ಅಂತ ಬೋರ್ಡು ಹಾಕಿದ್ವಿ. ಆದ್ರೂ ಹಳಬರೆಲ್ಲ ಯಾಕಕ್ಕಾ ಬಿಟ್ಟುಹೋದ್ರು?”

“ನೀನು ಅಂಗಡಿ ಮುಂದಿನ ಬೆಂಚು ತೆಗೆಸಿದೆಯಲ್ಲ, ಅದಕ್ಕೆ.”

“ಬೆಂಚೇನು ಬಟ್ಟೆ ಹೊಲಿಯುತ್ತಾ? ಹರಟೆ ಹೊಡೆಯೋರಿಗೆಲ್ಲ ಜಾಗ ಕೊಟ್ರೆ ನಮ್ಮ ಹೊಟ್ಟೆ ತುಂಬುತ್ತಾ?”

“ಮೇಷ್ಟ್ರು ವಾರ ವಾರ ಅಂಗಿ ಗುಂಡಿ ಹೊಲಿಸೋಕೆ ಬರ್ತಿದ್ರಲ್ಲ, ನೆನಪಿದೆಯಾ?”

“ಹಳೇ ಅಂಗಿ, ಪಾಪ. ದಾರ ಸವೆದಿರುತ್ತೆ.”

“ಸವೆದ ದಾರ ಎಳೆ ಬಿಟ್ಕೊಂಡಿರುತ್ತೆ ಕಣೇ. ಅವರದ್ದು ಅವರೇ ಕತ್ತರಿ ಹಾಕಿದ್ದು.”



“ಗೊತ್ತಿದ್ದೂ ನೀನು ಕೇಳಲಿಲ್ವಾ?”

“ಕೇಳಿದ್ರೆ ಮತ್ತೆ ಬರ್ತಿದ್ರಾ?”

“ಬೋರ್ಡು ಹಾಕಿದ ಹೊಸದರಲ್ಲಿ ಅವರ ಮನೆಗೆ ಅಂಗಿ ಕೊಡೋಕೆ ಹೋಗಿದ್ದೆ. ಎರಡು ನಿಮಿಷ ಕೂತು ಹೋಗಮ್ಮಾ ಅಂದ್ರು. ಪುರುಸೊತ್ತಿಲ್ಲ ಅಂದ್ಬಿಟ್ಟೆ ಅಕ್ಕಾ.”

“ನಾಳೆ ಬೆಂಚು ಹಾಕೋಣ. ಕರೆಯೋಕೆ ನೀನೇ ಹೋಗು.”

“ಏನಂತ ಕರೀಲಿ?”

ಅಷ್ಟರಲ್ಲಿ ಅವರ ಬಸ್ಸು ಬಂತು. ಇಬ್ಬರೂ ಹತ್ತಿದರು.

ನಿಮ್ಮ ಅಂಗಡಿ ಎಲ್ಲಿ ಎಂಬ ಮಾತು, ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದವನ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಉಳಿಯಿತು. ಅವನ ತೋಳಿನ ಗುಂಡಿ ಗಟ್ಟಿಯಾಗಿಯೇ ಇತ್ತು. ಬಸ್ಸು ತಿರುವು ದಾಟುವವರೆಗೂ ಅವನು ಅದನ್ನೇ ಬೆರಳಲ್ಲಿ ತಿರುಚುತ್ತ ನಿಂತಿದ್ದ.