ಕೆಂಪಿಗೆ ಕಲಸಿದ ಹುಣಸೆಹಣ್ಣು

ಕಾಲಲ್ಲ ಕಣ್ರೋ, ಮೊದಲು ಕೆಟ್ಟಿದ್ದು ಹಲ್ಲು. ಕಾಲು ಆಮೇಲೆ. ಕುಂಟಿದ್ದು ಊರಿಗೆಲ್ಲ ಕಾಣ್ತು ನೋಡಿ, ಅದಕ್ಕೇ ಎಲ್ಲರೂ ಕಾಲು ಕಾಲು ಅಂತಾರೆ. ಕೆಂಪಿ ನಮ್ಮ ಕೊಟ್ಟಿಗೇಲೇ ಹುಟ್ಟಿದ ಹಸು, ಆಗಿನ್ನೂ ಎರಡನೇ ಕರು ಹಾಕಿತ್ತು ಅಷ್ಟೆ. ನೀರಿಗೆ ಬಾಯಿ ಹಾಕೋದು, ತಟ್ಟಂತ ತಲೆ ಎತ್ತಿಬಿಡೋದು, ಆಮೇಲೆ ನಾಯಿ ಹಂಗೆ ನಾಲಗೇಲಿ ನೆಕ್ಕಿ ನೆಕ್ಕಿ ಕುಡಿಯೋದು. ಹಸು ನೀರನ್ನ ಹೀರ್ತದೆ, ನೆಕ್ಕಲ್ಲ, ಗೊತ್ತಲ್ವಾ? ಗೊತ್ತಿಲ್ವಾ? ಸರಿ ಬಿಡಿ, ನಿಮಗೆ ಹಾಲು ಪ್ಯಾಕೆಟ್‌ನಲ್ಲೇ ಹುಟ್ತದೆ. ತಣ್ಣೀರು ಹಲ್ಲಿಗೆ ಚುಳ್ ಅಂತದೇನೋ ಅಂತ ನಾನು ನೀರನ್ನ ಉಗುರುಬೆಚ್ಚಗೆ ಮಾಡಿ ಇಟ್ಟೆ, ಆಗ ಕುಡೀತು. ನಿಮ್ಮ ತಾತ ಒಂಚೂರೂ ನಗದೆ, "ನಂಗೆ ಸ್ನಾನಕ್ಕೂ ತಣ್ಣೀರು, ಅದ್ಕೆ ಕುಡಿಯಕ್ಕೂ ಬಿಸ್ನೀರು. ಓಗ್ಲಿ, ಕಾಫೀನೂ ಕಾಸ್ಕೊಡು" ಅಂದ್ರು. ಪಕ್ಕದ ಮನೆ ಸಿದ್ದಪ್ಪ ಬಂದು ಬಾಯಿ ಬಿಡಿಸಿ ನೋಡಿದ. ಹಲ್ಲು ನೋಡಿ ದನದ ವಯಸ್ಸು ಹೇಳೋನು ಅವನು. ಹಲ್ಲೆಲ್ಲ ಕಂದು ಕಂದಾಗಿ, ಬುಡದವರೆಗೂ ಸವೆದು ಹೋಗಿದ್ವು. "ಅಣ್ಣೋ, ಇದು ಮುದುಕಿ ಕಣಣ್ಣೋ" ಅಂದ. "ಇದು ಉಟ್ಟಿದ ದಿನ ನೀನೇ ಕಣ್ಲಾ ಗಿಣ್ಣು ತಿಂದು ಓದೋನು" ಅಂದ್ರು ತಾತ. ಅವನು ಇನ್ನೊಂದು ಸಲ ಬಾಯಿ ಬಿಡಿಸಿ ನೋಡಿದ, ಹಸು ಏನೋ ಸುಳ್ಳು ಹೇಳ್ತಾ ಅದೆ ಅನ್ನೋ ಹಂಗೆ.

ಇಷ್ಟಕ್ಕೂ ಆದದ್ದೇನು ಅಂದ್ರೆ, ನಂಜನಗೂಡು ಕಡೆ ರಸ್ತೇಲಿ ಒಂದು ಫ್ಯಾಕ್ಟರಿ ಬಂದಿತ್ತಲ್ಲ, ಅದರ ಕಾಂಪೌಂಡ್ ಮಗ್ಗುಲ ಹುಲ್ಲು ಬೇಸಿಗೇಲೂ ಹಸಿರು. ಫ್ಯಾಕ್ಟರಿಯಿಂದ ಊರಿಗೆ ಸಿಕ್ಕಿದ ಅನುಕೂಲ ಅದೊಂದೇ, ಅದನ್ನ ಯಾಕೆ ಬಿಡೋದು ಅಂತ ಎಲ್ಲರೂ ಕೊಯ್ದು ತಂದು ಹಾಕ್ತಿದ್ವಿ. ಕೆಂಪಿ ಕುಂಟೋಕೆ ಶುರುವಾದ ಮೇಲೆ ದನದ ಡಾಕ್ಟ್ರನ್ನ ಕರೆಸಿದ್ವಿ. ಹೆಣ್ಣುಮಗಳು, ಚಿಕ್ಕ ವಯಸ್ಸು. ಹಲ್ಲು ನೋಡಿದ್ಲು, ಮೊಣಕಾಲು ಒತ್ತಿದ್ಲು, ಹುಲ್ಲು ಎಲ್ಲಿಂದ ತರ್ತೀರಿ ಅಂತ ಕೇಳಿದ್ಲು. "ಇದು ಫ್ಲೋರೈಡು ಅಮ್ಮ. ಫ್ಯಾಕ್ಟರಿ ಹೊಗೇಲಿ ಬಂದು ಹುಲ್ಲಿನ ಮೇಲೆ ಕೂರ್ತದೆ. ಹಸು ತಿಂದ್ರೆ ಹಲ್ಲು, ಮೂಳೆ ಸೇರ್ಕೊಳ್ತದೆ. ಹುಣಸೆಹಣ್ಣು ಕಿವುಚಿ ಮೇವಿಗೆ ಕಲಸಿ ಕೊಡಿ, ನುಗ್ಗೆಸೊಪ್ಪು ಹಾಕಿ. ಒಂದಷ್ಟು ಗಂಜಲದಲ್ಲಿ ಆಚೆ ಹೋಗ್ತದೆ. ಆದರೆ ಮೂಳೆಗೆ ಇಳಿದದ್ದು ಸುಲಭಕ್ಕೆ ಬಿಡಲ್ಲ. ಆ ಹುಲ್ಲಂತೂ ಹಾಕಲೇಬೇಡಿ" ಅಂದ್ಲು. ತಾತ, "ಉಲ್ಲು ನಿಲ್ಲುಸ್ತೀವಿ ಮೇಡಂ, ಒಗೆ ನಿಲ್ಸೋರು ಯಾರು?" ಅಂದ್ರು. ಅವಳು ಬ್ಯಾಗ್ ಮುಚ್ಚಿಕೊಂಡು, "ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ ಯಜಮಾನ್ರೆ" ಅಂದ್ಲು.

ಸರಿ, ಹುಣಸೆಹಣ್ಣು ಶುರುವಾಯ್ತು. ಸಾರಿಗೆ ಎತ್ತಿಟ್ಟಿದ್ದೆಲ್ಲ ಕೆಂಪಿಗೆ, ನಮ್ಮ ಸಾರಿಗೆ ಟೊಮೇಟೊ. ಸಿದ್ದಪ್ಪ ಬೇಲಿ ಆಚೆಯಿಂದಲೇ, "ಇನ್ಮ್ಯಾಕೆ ನಿಮ್ಮನೇಲಿ ಸೀದಾ ಮೊಸರೇ ಕರೀಬೋದು ಕಣಕ್ಕ" ಅಂತಿದ್ದ. ಹಾಲೇನೂ ಹುಳಿ ಆಗಲಿಲ್ಲ, ಆದರೆ ಅಕ್ಕಪಕ್ಕದೋರು ಚೊಂಬು ತರೋದು ನಿಲ್ಲಿಸಿದ್ರು. ಮೇವು ಬದಲಾಯಿಸಿದ್ರೂ ಗಾಳಿ ಅದೇ ಅಲ್ವಾ, ಅಂಗಳದಲ್ಲಿ ಹರವಿದ ಹುಲ್ಲಿನ ಮೇಲೂ ಬೂದಿ ಬೂದಿ. ನಮ್ಮ ಕಡೆ ಹೆಣ್ಣುಮಕ್ಕಳು ಸೊರಗಿದ್ರೆ ತವರಿಗೆ ಕಳಿಸ್ತಾರೆ. ಕೆಂಪಿಗೆ ತವರೂ ನಮ್ಮನೆ, ಗಂಡನ ಮನೇನೂ ನಮ್ಮನೆ. ಅದಕ್ಕೇ ನನ್ನ ತವರಿಗೆ, ಸೋಸಲೆಗೆ, ಟೆಂಪೋ ಮಾಡಿ ಕಳಿಸಿದೆ. ನನ್ನ ತಮ್ಮ ಹೊಳೆ ದಡದ ಹುಲ್ಲು ಹಾಕಿದ, ಹುಣಸೆಹಣ್ಣೂ ತಪ್ಪಿಸಲಿಲ್ಲ. ಮಳೆಗಾಲ ಕಳೆದು ನಾನು ನೋಡೋಕೆ ಹೋದ್ರೆ, ಮೈಮೇಲೆ ಹೊಳಪು ಬಂದಿತ್ತು ಕಣ್ರೋ! ನನ್ನ ಸದ್ದು ಕೇಳಿ ತಾನೇ ನಡ್ಕೊಂಡು ಬಂತು. ಕುಂಟು ಇತ್ತು, ಇಲ್ಲ ಅನ್ನಲ್ಲ, ಆದರೆ ಹುಡುಕಿದ್ರೆ ಕಾಣೋವಷ್ಟು.

ಅಲ್ಲೇ ಬಿಟ್ಟಿದ್ರೆ ಆಗ್ತಿತ್ತು. ಸಂಕ್ರಾಂತಿ ಬಂತು. ಸಂಕ್ರಾಂತಿ ಸಾಯಂಕಾಲ ಬೀದಿಗೆ ಅಡ್ಡವಾಗಿ ಹುಲ್ಲು ಹರವಿ ಬೆಂಕಿ ಹಚ್ಚಿ, ದನಾನೆಲ್ಲ ಅದರ ಮೇಲೆ ಹಾರಿಸ್ತಾರೆ. ಕಿಚ್ಚು ಹಾಯಿಸೋದು ಅಂತೀವಿ. ನಮ್ಮನೆ ಹಸು ನಮ್ಮ ಬೀದೀಲೇ ಹಾಯಬೇಕು ಅಂತ ತಾತ ಹೋಗಿ ಕರ್ಕೊಂಡು ಬಂದುಬಿಟ್ರು. "ನಡೀತದೆ ಸರಿ, ಹಾರೋದು ಬೇಡ" ಅಂದೆ. "ಅಯ್ಯೋ, ಕಿಚ್ಚು ದಾಟಿದ್ರೆ ಮಿಕ್ಕ ರೋಗ ಬೆಂಕೀಲೇ ಬಿದ್ದೋಯ್ತದೆ ಕಣಮ್ಮಿ" ಅಂದ್ರು. ಅದರ ಒಳ್ಳೇದಕ್ಕೇ ಅಂದ್ರು, ಅದೇ ತೊಂದರೆ. ಕೆಟ್ಟದಕ್ಕೆ ಅಂದಿದ್ರೆ ನಾನು ಹಗ್ಗ ಕಿತ್ಕೋತಿದ್ದೆ. ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಚೆಂಡುಹೂವು ಕಟ್ಟಿ ಹಿಡ್ಕೊಂಡು ಹೋದ್ರು. ಸಿದ್ದಪ್ಪ ತಮಟೆ ಬಡೀತಿದ್ದ. ಕೆಂಪಿ ಬೆಂಕಿ ನೋಡಿ ನಿಂತುಕೊಳ್ತು. ಹಿಂದಿನಿಂದ ಯಾರೋ ಕೂಗಿದ್ರು, ಹಾರ್ತು. ಚೆನ್ನಾಗೇ ಹಾರ್ತು, ಪಾಪ. ಇಳಿದದ್ದು ಮುಂಗಾಲ ಮೇಲೆ. ಒಣ ಸೌದೆ ಮುರಿದಂಗೆ ಸದ್ದಾಯ್ತು. ಬೆಂಕೀದು ಅಂದ್ಕೊಂಡು ಒಂದು ಗಳಿಗೆ ಜನ ಶಿಳ್ಳೆ ಹಾಕಿದ್ರು.

ಬೆಳಗ್ಗೆ ಡಾಕ್ಟ್ರು ಬಂದ್ಲು, ಕಾಲು ಮುಟ್ಟಿ ನೋಡಿ, "ಮೇಲೆ ಚರ್ಮ ಮಾತ್ರ ವಾಸಿ ಆಗಿತ್ತಮ್ಮ, ಒಳಗೆ ಮೂಳೆ ಸೀಮೆಸುಣ್ಣ" ಅಂದ್ಲು. ಅದು ಆಮೇಲೆ ಏಳಲೇ ಇಲ್ಲ. ತಾತ ಹುಣಸೆಹಣ್ಣಿನ ಬಟ್ಟಲು ನನ್ನ ಕೈಗೆ ಕೊಡದೆ ತಾವೇ ಕಿವುಚೋರು, ನಾರೆಲ್ಲ ತೆಗೆಯೋರು, ಮಗೂಗೆ ಉಣ್ಣಿಸೋ ಹಂಗೆ ಬಾಯಿಗೆ ಹಿಡಿಯೋರು. ಇನ್ನೇನು ಪ್ರಯೋಜನ ಅಂತ ಅವರಿಗೂ ಗೊತ್ತಿತ್ತು. ಕೆಂಪಿ ಪ್ರಾಣ ಬಿಟ್ಟ ಮೇಲೂ ನಾನು ಅವರನ್ನ ಬೈಯಲಿಲ್ಲ. ಬೈದಿದ್ರೆ ಅವರಿಗೆ ಒಂಚೂರು ಹಗುರ ಆಗ್ತಿತ್ತೋ ಏನೋ. ನೋಡ್ರೋ, ಕಾಯಿಲೆಯಿಂದ ಎದ್ದೋರು ನಾಲ್ಕು ಹೆಜ್ಜೆ ನಡೆದ್ರೆ, ನಡೀಲಿ ಅಂತ ಬಿಡಬೇಕು. ನಮ್ಮ ಸಂತೋಷಕ್ಕೆ ಅವರನ್ನ ಹಾರಿಸಬಾರದು. ಏಳಿ, ತಟ್ಟೆ ಹಾಕ್ತೀನಿ.