ಬಾವಿ ಪಕ್ಕದ ಸಾಲು

೨೦೨೩, ಫೆಬ್ರವರಿ ೧೬, ಗುರುವಾರ. ಆ ದಿನದ ಡೈರಿಯಲ್ಲಿ ಬರೆದಿರುವುದು ಇಷ್ಟೇ: "ಸಂಜೆ ೭.೨೦. ಮಾಳಿಗೆಯ ಮಹೇಶ್ವರಿಯ ಫೋನ್. ತಾಯಿಯ ಜೊತೆ ಹಿಂದಿಯಲ್ಲಿ ಮಾತಾಡಿದಳು. ವಿಚಿತ್ರ." ದಿನಾಂಕವಿಲ್ಲದ ಸಂಗತಿಯನ್ನು ನಾನು ಹೇಳುವವಳಲ್ಲ. ಬಾಗಿಲು ಮುಂದೆ ಮಾಡಿ... ಕೇಳಿ.

ಮಹೇಶ್ವರಿ ಹುಮನಾಬಾದ್ ಕಡೆಯವಳು. ಗಂಡ ಇಲ್ಲಿ, ಈ ಹಿಂದಿ ಸೀಮೆಯ ತೀರ್ಥಕ್ಷೇತ್ರದಲ್ಲಿ, ಜಂಗಮವಾಡಿ ಮಠದ ಅಡುಗೆ ಕೆಲಸಕ್ಕಿದ್ದ. ಅವನು ತೀರಿಹೋದ ಮೇಲೂ ಅವಳು ತಾಯಿ ಕಾಶಮ್ಮನ ಜೊತೆ ನಮ್ಮ ಮಾಳಿಗೆಯ ಕೋಣೆಯಲ್ಲೇ ಉಳಿದಳು. ಕಾಶಮ್ಮನಿಗೆ ಎರಡು ಕಣ್ಣೂ ಕಾಣವು. ಹಿಂದಿ ಒಂದಕ್ಷರ ಬಾರದು. ಮಗಳ ದನಿ ಕಿವಿಗೆ ಬಿದ್ದರಷ್ಟೇ ಅನ್ನ, ನಿದ್ದೆ. ಮಾಘದಲ್ಲಿ ಇಪ್ಪತ್ತು ದಿನ ಮಹೇಶ್ವರಿ ನದಿಯ ಸೇತುವೆ ದಾಟಿ ಇಲ್ಲಿನ ರಾಮನಗರದಾಚೆ ಆಲೂಗಡ್ಡೆ ಕೀಳುವ ಕೂಲಿಗೆ ಹೋಗುತ್ತಿದ್ದಳು. ಆಗ ಮುದುಕಿಯನ್ನು ನಾನು ನೋಡಿಕೊಳ್ಳುತ್ತಿದ್ದೆ.

"ಕತ್ತಲಾಗೋದ್ರಾಗ ಬಾ, ಮಹೇಶಿ."

"ಬರ್ತೀನವ್ವ. ನಿನ್ನ ಬಿಟ್ಟು ಎಲ್ಲಿಗಿ ಹೋಗ್ಲಿ?"

ದಿನಾ ಬೆಳಿಗ್ಗೆ ಇದೇ ಮಾತು.

ಆ ಹೊಲದಲ್ಲಿ ಒಬ್ಬರಿಗೊಂದು ಸಾಲು. ಕುಕ್ಕರಗಾಲಲ್ಲಿ ಕೂತು, ಖುರ್ಪಿ ಅನ್ನುವ ಸಣ್ಣ ಕೈಗುದ್ದಲಿಯಿಂದ ಮಣ್ಣಿನ ದಿಂಡು ಬಗೆದು, ಗಡ್ಡೆ ಆರಿಸಿ ಬುಟ್ಟಿಗೆ ಹಾಕಬೇಕು. ಸಾಲು ಮುಗಿದರೆ ಗುರುತಿಗೆ ತುದಿಯಲ್ಲಿ ಬುಟ್ಟಿ ಬೋರಲು. ಅರ್ಧಕ್ಕೆ ಎದ್ದು ಹೋಗುವವರು ತಮ್ಮದೇನಾದರೂ ಒಂದನ್ನು ಸಾಲಿನಲ್ಲಿ ಇಟ್ಟು ಹೋಗಬೇಕು. ಚಪ್ಪಲಿಯೋ, ಟವೆಲೋ. ಮರಳಿ ಬರುತ್ತೇನೆ ಅನ್ನುವುದಕ್ಕೆ ಗುರುತು.

ಹಾಳುಬಾವಿಯ ಪಕ್ಕದ ಸಾಲೊಂದನ್ನು ಮಾತ್ರ ಅರ್ಧಕ್ಕೇ ಬಿಟ್ಟಿದ್ದರು. ಆ ಗುರುವಾರ ಮಧ್ಯಾಹ್ನ ರೊಟ್ಟಿಯ ಹೊತ್ತಿಗೆ ಮಹೇಶ್ವರಿ ಮೇಸ್ತ್ರಿ ಅರ್ಜುನನನ್ನು ಕೇಳಿದಳು.

"ಅದು ಹೊಲದ್ದಲ್ಲ ದೀದಿ, ಅವಳದ್ದು," ಅಂದ. "ಎರಡು ವರ್ಷದ ಹಿಂದೆ ಒಬ್ಬಳು ಬಂದಿದ್ದಳು, ದಕ್ಷಿಣದವಳು. ಕೆಲಸದ ನಡುವೆ ಜ್ವರ ಹಿಡೀತು. ಮೂರು ದಿನ ಮಾತಾಡಿದ್ದೇ ಮಾತಾಡಿದ್ದು. ನಮಗೆ ಒಂದು ಮಾತೂ ತಿಳೀಲಿಲ್ಲ."

"ನಿನ್ನ ಹಾಗೇ ಬಡಬಡ ಅಂತಿರಬೇಕು," ಅಂತ ಪಕ್ಕದ ಸಾಲಿನವಳು ಮಹೇಶ್ವರಿಯನ್ನು ನೋಡಿ ನಕ್ಕಳು.

"ಸತ್ತಾಗ ಗಂಡ ಸುಡೋಕೆ ಬಿಡಲಿಲ್ಲ. ಗುಂಡಿ ತೋಡಿ... ಕೂರಿಸಿಬಿಟ್ಟ," ಅಂದ ಅರ್ಜುನ.

ಮಹೇಶ್ವರಿಯ ಕೈಯ ತುತ್ತು ಅಲ್ಲೇ ನಿಂತಿತು. ಸುಡಿಸಿಕೊಳ್ಳಲೆಂದೇ ಜನ ಹುಡುಕಿಕೊಂಡು ಬರುವ ಈ ಊರಲ್ಲಿ, ಹೆಣವನ್ನು ಮಣ್ಣಲ್ಲಿ ಕೂರಿಸುವವರು ಯಾರು? ಲಿಂಗ ಕಟ್ಟಿದ ನಮ್ಮವರೇ.

ಸಂಜೆ ಎಲ್ಲರೂ ಆಟೋ ಹತ್ತಿದರು. ಅವಳ ಖುರ್ಪಿ ಹೊಲದಲ್ಲೇ ಉಳಿದಿತ್ತು. ಗಂಡ ಹಿಡಿ ಹಾಕಿಸಿಕೊಟ್ಟಿದ್ದು, ಬಿಟ್ಟು ಬರಲು ಮನಸ್ಸಾಗಲಿಲ್ಲ. "ಐದು ನಿಮಿಷ," ಅಂತ ಇಳಿದು ಓಡಿದಳು. ಖುರ್ಪಿ ಸಿಕ್ಕಿತು, ಪಕ್ಕದಲ್ಲಿದ್ದ ತನ್ನ ಬುಟ್ಟಿಯನ್ನೂ ಎತ್ತಿಕೊಂಡಳು. ಹಿಂದಿರುಗುವ ದಾರಿ ಬಾವಿಯ ಮಗ್ಗುಲಲ್ಲೇ. ಮೊಬೈಲ್ ಬೆಳಕಿಗೆ ಮೊಣಕಾಲೆತ್ತರದ ಕಲ್ಲೊಂದು ಕಂಡಿತು. ಅದರ ಮೇಲೆ ಮಾಸಿದ ಮೂರು ಬೆರಳ ಗೆರೆ.

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಇವಳು ಕೊರಳ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡಳು. ಸೊಂಟದ ಚೀಲದಿಂದ ವಿಭೂತಿ ತೆಗೆದು ಕಲ್ಲಿಗೆ ಹಚ್ಚಿದಳು. ಹಚ್ಚಿ ಸುಮ್ಮನಿರಲಿಲ್ಲ. ಕನ್ನಡದಲ್ಲಿ ಕೇಳಿದಳು:

"ಯಾರವ್ವ ನೀ? ನಮ್ಮ ಕಡಿಯಾಕಿನಾ?"

ಜೀರುಂಡೆ ಸದ್ದು ನಿಂತಿತು.

ಕರ್... ಕರ್... ಒಣಮಣ್ಣಿಗೆ ಖುರ್ಪಿ ತಾಗುವ ಸದ್ದು. ಆಮೇಲೆ ಟಪ್. ಬುಟ್ಟಿಗೆ ಗಡ್ಡೆ ಬಿದ್ದ ಸದ್ದು. ಕರ್... ಕರ್... ಟಪ್. ಸಾಲಿನಲ್ಲಿ ಯಾರೂ ಇರಲಿಲ್ಲ.

"ಕೇಳ್ಸಿತಾ ನಿನಗ?" ಪಿಸುದನಿ, ನೆಲದ ಮಟ್ಟದಿಂದ.

"...ಕೇಳ್ತು."

"ಎರಡು ವರ್ಸಾತು... ಕೇಳೋರೇ ಇಲ್ಲ. ಕೂಡು. ಜೊತಿಗಿ ಬಾ."

ಮಹೇಶ್ವರಿ ಕೂತಳು. ತಾನಾಗಿ ಕೂತಳೋ, ಕಾಲು ಮಡಚಿತೋ ಅವಳಿಗೇ ಗೊತ್ತಿಲ್ಲ. ಕೈ ಮಣ್ಣು ಬಗೆಯತೊಡಗಿತು. ದೂರದಲ್ಲಿ ಆಟೋ ಪೀಂ... ಪೀಂ... ಅಂದಿತು.

"ನಾ ಹೋಗ್ಬೇಕು. ನಮ್ಮವ್ವಗ ಕಣ್ಣಿಲ್ಲ. ಕಾಯ್ಲಿಕ್ಕತ್ತಾಳ."

"ಸಾಲು ಮುಗಿದಿಲ್ಲ... ಏನಿಟ್ಟು ಹೋಗ್ತಿ?"

ಮಹೇಶ್ವರಿ ಬುಟ್ಟಿ ಇಟ್ಟಳು.

"ಬುಟ್ಟಿ ನನಗ್ಯಾಕ."

ಖುರ್ಪಿ ಇಟ್ಟಳು.

"ಅದು ನನ್ನ ಹತ್ರ ಅದ."

ಮತ್ತೆ ಪೀಂ ಅಂದಿತು. ಆಮೇಲೆ ಆಟೋ ಶುರುವಾದ ಸದ್ದು. ಕಾಶಮ್ಮ ಹೊಸ್ತಿಲಲ್ಲಿ ಕೂತಿರುವುದು ಅವಳ ಕಣ್ಣ ಮುಂದೆ ಬಂತು.

"ನಿನಗ ಏನು ಬೇಕೋ ತಗೋ. ನನ್ನ ಬಿಡು."

ಕರ್ ಕರ್ ನಿಂತಿತು.

ರಸ್ತೆಗೆ ಓಡಿ ಬಂದು, ಚಲಿಸುತ್ತಿದ್ದ ಆಟೋ ತಡೆದು ಹತ್ತಿ, ಅವಳು ನನ್ನ ಮೊಬೈಲಿಗೆ ಫೋನ್ ಮಾಡಿದಳು. ನಾನು ಅದನ್ನು ಕಾಶಮ್ಮನ ಕಿವಿಗೆ ಹಿಡಿದೆ. "ಅಮ್ಮಾ, ಮೈ ಆ ರಹೀ ಹೂಂ..." ಅಂತ ಕೇಳಿಸಿತು, ಬರುತ್ತಿದ್ದೇನೆ ಅಂತ. ಕಾಶಮ್ಮ ಫೋನನ್ನು ಪಕ್ಕಕ್ಕೆ ಸರಿಸಿದಳು. "ಯಾರೋ ಬ್ಯಾರೆಯವರು. ಮಹೇಶಿ ಇನ್ನಾ ಯಾಕ ಬಂದಿಲ್ಲ?"

ಮಹೇಶ್ವರಿ ಬಂದಳು. ಬಾಯಿ ತೆರೆದರೆ ಹಿಂದಿ, ದನಿಯೂ ಮೊದಲಿನದಲ್ಲ. ತಾಯಿ ಹೇಳಿದ್ದು ಅವಳಿಗೆ ಬರೀ ಸದ್ದು. ಇದನ್ನೆಲ್ಲ ಅವಳು ಅಂದು ರಾತ್ರಿಯೇ ನನಗೆ ಹಿಂದಿಯಲ್ಲಿ ಹೇಳಿದಳು. ಬಾವಿಯ ಬಳಿ ಆಡಿದ ಮಾತಿನ ಅರ್ಥ ನೆನಪಿತ್ತು, ಮಾತು ಇರಲಿಲ್ಲ. ಇಲ್ಲಿ ಅದನ್ನು ಕನ್ನಡಕ್ಕೆ ತಂದವಳು ನಾನು. ಡಾಕ್ಟರಿಗೆ ತೋರಿಸಿದೆವು. ನಾನೇ ಸ್ಲೇಟು ಹಿಡಿದು ಕಲಿಸಿದೆ. ಸಂಜೆ ಕಲಿತ "ಅವ್ವ" ಬೆಳಿಗ್ಗೆ ಇರುತ್ತಿರಲಿಲ್ಲ.

ಕಾಶಮ್ಮ ಎಂಟು ದಿನ ಅತ್ತಳು. ಆಮೇಲೆ ಈ ಹೊಸಬಳ ಕೈಯ ಗಂಜಿ ಕುಡಿಯತೊಡಗಿದಳು. ಕೈ ಸವರಿ ನೋಡಿದರೂ ಮಗಳೆಂದು ಒಪ್ಪಲಿಲ್ಲ.

ಮರುವರ್ಷ ಅರ್ಜುನ ಬಂದು ಬಾಗಿಲಲ್ಲೇ ನಿಂತು ಮಹೇಶ್ವರಿಗೆ ಹೇಳಿದ: "ದೀದಿ, ಸಂಜೆ ಹೊತ್ತು ಆ ಸಾಲಿನಲ್ಲಿ ಮಾತು ಕೇಳಿಸುತ್ತೆ... ನಿಮ್ಮ ದನಿ."

೨೦೨೪, ಫೆಬ್ರವರಿ ೧೧, ಭಾನುವಾರ. ಕಾಶಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋದೆವು. ಬಾವಿಯ ಪಕ್ಕ ಕೂರಿಸಿದೆವು. ಸ್ವಲ್ಪ ಹೊತ್ತಿಗೆ ಕರ್... ಕರ್... ಟಪ್.

"ಅವ್ವ, ಉಂಡಿ?"

"ಮಹೇಶಿ... ಎಲ್ಲಿ ಹೋಗಿದ್ದಿ, ನನ್ನವ್ವ?"

ನಾನು ತಿರುಗಿ ನೋಡಿದೆ. ಮಹೇಶ್ವರಿ ನನ್ನ ಪಕ್ಕದಲ್ಲೇ ನಿಂತಿದ್ದಳು, ಬಾಯಿಗೆ ಸೆರಗು ಅದುಮಿಕೊಂಡು. ತಾಯಿ ಅರ್ಧ ಗಂಟೆ ಹರಟಿದಳು, ಎರಡು ಸಲ ನಕ್ಕಳು. "ಏನು ಮಾತಾಡ್ತಿದ್ದಾರೆ?" ಅಂತ ಮಗಳು ಹಿಂದಿಯಲ್ಲಿ ಕೇಳಿದಳು. ಉಪ್ಪಿನಕಾಯಿಯ ವಿಚಾರ, ಅಂದೆ. ನಿಜವಾಗಿಯೂ ಉಪ್ಪಿನಕಾಯಿಯ ವಿಚಾರವೇ.

ಮಾರ್ಚ್ ೨೧, ಗುರುವಾರ, ಬೆಳಗಿನ ಜಾವ ಕಾಶಮ್ಮ ತೀರಿಕೊಂಡಳು. ತಲೆ ಮಗಳ ತೊಡೆಯ ಮೇಲಿತ್ತು. "ಈ ಹಿಂದಿಯಾಕಿ ಭಾಳ ಛಲೋ ಹೆಂಗಸು," ಅಂದಿದ್ದಳು ನನಗೆ, ಸ್ವಲ್ಪ ಮುಂಚೆ. "ಮಹೇಶಿಗಿ ಹೇಳಿ ಕಳಸ್ರಿ."

"ಅಮ್ಮ ಏನಂದರು?"

"ನಿನ್ನ ಹೆಸರು ಹೇಳಿದಳು," ಅಂದೆ.

ಆ ಐದು ನಿಮಿಷಕ್ಕೆ ಹೋದದ್ದು ಇಷ್ಟು. ಮಗಳಿಗೆ ಅವಳ ಮಾತು, ತಾಯಿಗೆ ಅವಳ ಮಗಳು. ಮೂರೂ ದಿನಾಂಕ ನನ್ನ ಡೈರಿಯಲ್ಲಿವೆ, ಬೇಕಿದ್ದರೆ ನೋಡಿ. ತಾಯಿಯನ್ನು ಮಣ್ಣು ಮಾಡಿ ಬಂದ ಸಂಜೆ ಅರ್ಜುನನ ಫೋನ್ ಬಂತು. ಬಾವಿ ಪಕ್ಕದ ಸಾಲನ್ನು ಯಾರೋ ತುದಿಯವರೆಗೂ ಅಗೆದಿದ್ದರಂತೆ. ಮಹೇಶ್ವರಿ ಬಿಟ್ಟು ಬಂದ ಬುಟ್ಟಿ ತುದಿಯಲ್ಲಿತ್ತಂತೆ... ಬೋರಲಾಗಿ.